ಮಗಳು ಪಾಸಾಗ್ಯಾಳ, ಅವಶ್ಯ ಬರ್ರಿ

ಲಗ್ನಪತ್ರಿಕೆ ಬರೆಯುವುದು ಕಲಬುರಗಿಯಲ್ಲಿ ಯಾರಿಗೂ ಕಷ್ಟವಲ್ಲ. ಸೂಪರ್ ಮಾರ್ಕೆಟ್ ಕಡೆಯ ಯಾವುದಾದರೂ ಪ್ರಿಂಟಿಂಗ್ ಅಂಗಡಿಗೆ ಹೋಗಿ ಹುಡುಗ, ಹುಡುಗಿ, ಮುಹೂರ್ತ ಇಷ್ಟು ಹೇಳಿದರೆ ಸಾಕು. ಮೇಲೆ ದೇವರ ಹೆಸರು, ನಡುವೆ ಚಿ. ರಾ. ಮತ್ತು ಚಿ. ಕುಂ. ಸೌ., ಕೆಳಗೆ ಸುಖಾಗಮನ ಬಯಸುವವರ ಉದ್ದ ಪಟ್ಟಿ, ಮೂಲೆಯಲ್ಲಿ "ನಮ್ಮ ಮಾಮಾನ ಲಗ್ನಕ್ಕ ಎಲ್ಲರೂ ಬರ್ರಿ" ಅನ್ನುವ ಚಿಳ್ಳೆಪಿಳ್ಳೆಗಳ ಹೆಸರು. ಅಂಗಡಿಯ ಹುಡುಗ ಒಂದು ಕಣ್ಣು ಮೊಬೈಲಿನ ಮೇಲಿಟ್ಟುಕೊಂಡೇ ಟೈಪ್ ಮಾಡಿ ಮುಗಿಸುತ್ತಾನೆ. ಗೃಹಪ್ರವೇಶಕ್ಕೂ ಹಾಗೇ, ಜವಳಕ್ಕೂ ಹಾಗೇ. ಯಾರಾದರೂ ತೀರಿಕೊಂಡರೆ ಶಿವಗಣಾರಾಧನೆಯ ಕಾರ್ಡಿಗೂ ಮಾತುಗಳು ರೆಡಿ ಇವೆ. ಆದರೆ ಮಗಳು ಡಿಗ್ರಿ ಪಾಸಾದಳು, ದೂರದ ನೆಂಟರಿಗೆ ಮರ್ಯಾದೆಯಿಂದ ತಿಳಿಸಬೇಕು ಅಂತ ಹೇಳಿ ನೋಡಿ. ಅದೇ ಹುಡುಗ ಮೊದಲ ಸಲ ತಲೆಯೆತ್ತಿ ಕೇಳುತ್ತಾನೆ: "ಫಂಕ್ಷನ್ ಯಾವಾಗ್ರಿ?"

ಫಂಕ್ಷನ್ ಇಲ್ಲ. ಅದೇ ತೊಂದರೆ. ನಮ್ಮಲ್ಲಿ ಊಟ ಇಲ್ಲದ ಸುದ್ದಿಗೆ ಪತ್ರಿಕೆಯೇ ಇಲ್ಲ.

ಮೊದಲೆಲ್ಲ ಇದು ಸಲೀಸಾಗಿ ನಡೆಯುತ್ತಿತ್ತು. ರಿಸಲ್ಟ್ ಬಂದ ದಿನ ಓಣಿಗೆಲ್ಲ ಪೇಡೆ ಹಂಚಿದರೆ ಮುಗಿಯಿತು. ಪೇಡೆ ಮಾತಾಡುವುದಿಲ್ಲ, ಹಾಗಾಗಿ ತಪ್ಪೂ ಮಾತಾಡುವುದಿಲ್ಲ. ದೂರದವರಿಗೆ ಒಂದು ಪೋಸ್ಟ್ ಕಾರ್ಡು. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ್ದರೆ ಒಳ್ಳೆಯ ಸುದ್ದಿ, ಮೂಲೆ ಹರಿದಿದ್ದರೆ ಸಾವಿನ ಸುದ್ದಿ. ಓದು ಬಾರದವರಿಗೂ ಅರ್ಧ ವಿಷಯ ಅಲ್ಲೇ ತಿಳಿಯುತ್ತಿತ್ತು. ಈಗ ಎಲ್ಲ ವಾಟ್ಸಾಪ್. ಅದಕ್ಕೆ ಅರಿಶಿನ ಎಲ್ಲಿ ಹಚ್ಚೋದು?

ನಮ್ಮ ಮನೆಗೆ ಈ ತಲೆನೋವು ಅಮೆರಿಕಾದಿಂದ ಬಂತು. ಅಂಚೆಯಲ್ಲಿ ಬಂತು.

ನನ್ನ ಗಂಡನ ಚಿಕ್ಕಪ್ಪನ ಮಗಳು ಟೆಕ್ಸಾಸ್‌ನಲ್ಲಿದ್ದಾಳೆ. ಅವಳ ಮಗ ಹನ್ನೆರಡನೇ ತರಗತಿ ಮುಗಿಸಿದ. ಅಲ್ಲಿ ಮೇ ಕೊನೆಗೋ ಜೂನ್‌ಗೋ ಶಾಲೆ ಮುಗಿಯುತ್ತದೆ. ಆ ಹೊತ್ತಿಗೆ ನಮಗೊಂದು ದಪ್ಪ ಕಾರ್ಡು ಬಂತು. ಅದರಲ್ಲಿ ಹುಡುಗನ ಫೋಟೊ. ಮೈಮೇಲೆ ಉದ್ದ ಗೌನು, ತಲೆ ಮೇಲೆ ಚೌಕಾಕಾರದ ಟೋಪಿ, ಟೋಪಿಯಿಂದ ಕೆನ್ನೆಯ ತನಕ ಇಳಿಬಿದ್ದ ಗೊಂಡೆ. ನಮ್ಮ ಅತ್ತೆ ಕನ್ನಡಕ ಏರಿಸಿ ನೋಡಿದರು. "ಇದ್ಯಾವ ನಮೂನಿ ಬಾಸಿಂಗವಾ? ಹುಡುಗಿ ಎಲ್ಲ್ಯದಾಳ?" ಅಂದರು. ಮಾವ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ಮುಹೂರ್ತ ಹುಡುಕಿದರು. ತಾರೀಖು ಸಿಕ್ಕಿತು, ಆದರೆ ಅದು ಮುಗಿದು ಹೋಗಿತ್ತು. ಅವರಿಗೆ ಸಿಟ್ಟೇ ಬಂತು. "ಆಗಿ ಹೋದ ಮ್ಯಾಲ ಕಾರ್ಡ್ ಕಳಸ್ಯಾರ. ಬರಬ್ಯಾಡ್ರಿ ಅಂತ ಹೇಳೋದಕ್ಕ ಇಷ್ಟು ಖರ್ಚ್ ಯಾಕ ಮಾಡಬೇಕಿತ್ತು?"

ಕೊನೆಗೆ ಫೋನ್ ಹಚ್ಚಿ ಅವಳನ್ನೇ ಕೇಳಿದೆವು. ಅವಳು ತಾಳ್ಮೆಯಿಂದ ಹೇಳಿದಳು. ಅಲ್ಲಿ ಕರೆಯುವ ಕಾರ್ಡು ಬೇರೆ, ತಿಳಿಸುವ ಕಾರ್ಡು ಬೇರೆ. ಎಷ್ಟೋ ಶಾಲೆಗಳಲ್ಲಿ ಸಮಾರಂಭಕ್ಕೆ ಮನೆಗಿಷ್ಟು ಅಂತ ಎಣಿಸಿ ಟಿಕೆಟ್ ಕೊಡುತ್ತಾರೆ. ಎಲ್ಲರನ್ನೂ ಕರೆಯಲು ಆಗುವುದಿಲ್ಲ. ಅದಕ್ಕೇ ದೂರದವರಿಗೆ ತಿಳಿಸುವ ಕಾರ್ಡು ಹೋಗುತ್ತದೆ, ಸಮಾರಂಭ ಮುಗಿದ ಮೇಲೆ ಹೋದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕಾರ್ಡು ಬಂದವರು ಹೋಗಬೇಕಿಲ್ಲ. ಉಡುಗೊರೆ ಕೊಡಲೇಬೇಕು ಅಂತಲೂ ಇಲ್ಲ. ಎರಡು ಸಾಲು ಶುಭಾಶಯ ಬರೆದರೆ ಸಾಕು. ಯಾರಾದರೂ ಏನಾದರೂ ಕಳಿಸಿದರೆ ಹುಡುಗ ತನ್ನ ಕೈಯಾರೆ ಥ್ಯಾಂಕ್ಯೂ ಬರೆದು ಕಳಿಸಬೇಕು, ಅಮ್ಮ ಬರೆದುಕೊಟ್ಟರೆ ನಡೆಯುವುದಿಲ್ಲ. ಇನ್ನೂ ಒಂದು ಮಾತು ಹೇಳಿದಳು. ಅಲ್ಲಿನ ಹಳೇ ಶಿಷ್ಟಾಚಾರದಲ್ಲಿ ಕಾರ್ಡಿನ ಮೇಲೆ ಉಡುಗೊರೆಯ ಸುದ್ದಿಯೇ ಎತ್ತಬಾರದು. "ಉಡುಗೊರೆ ಬೇಡ" ಅಂತಲೂ ಬರೆಯಬಾರದು. ಬೇಡ ಅಂದರೆ ನಿಮ್ಮ ತಲೆಯಲ್ಲಿ ಅದೇ ಓಡುತ್ತಿತ್ತು ಅಂತ ಆಯಿತಲ್ಲ!

ಅತ್ತೆಗೆ ಇದೊಂದೂ ಹಿಡಿಸಲಿಲ್ಲ. "ಊಟ ಇಲ್ಲ, ಆಯಾರ ಇಲ್ಲ, ಹೋಗೋದೂ ಇಲ್ಲ. ಮತ್ತ ಕಾರ್ಡ್ ಯಾಕ?" ಅಂದರು. ಆಯಾರ ಅಂದರೆ ಉಡುಗೊರೆ, ಮುಯ್ಯಿ. ಮಾವ ಮಾತ್ರ ಕರಗಿ ಹೋದರು. ಅವರು ನಿವೃತ್ತ ಕನ್ನಡ ಮಾಸ್ತರು. "ಇದು ಸಭ್ಯರ ಪದ್ಧತಿ. ನಮ್ಮ ಹುಡುಗಿ ಪಾಸಾದರ ನಾವೂ ಹಿಂಗೇ ಕಳಸೋಣ," ಅಂದುಬಿಟ್ಟರು.

ಶ್ರಾವಣದಲ್ಲಿ ನಮ್ಮ ಹುಡುಗಿ ಪಾಸಾದಳು. ಬಿ.ಎಸ್ಸಿ. ಆನರ್ಸ್, ಕೃಷಿ. ಕಾಲೇಜು ಇಲ್ಲೇ ಆಳಂದ ರಸ್ತೆಯಲ್ಲಿದೆ, ಡಿಗ್ರಿ ಕೊಡುವುದು ರಾಯಚೂರಿನ ಕೃಷಿ ವಿಶ್ವವಿದ್ಯಾಲಯ. ದೂರದ ನೆಂಟರಿಗೆ ಇದನ್ನು ಅರ್ಥ ಮಾಡಿಸುವುದೇ ಒಂದು ಕೆಲಸ. ಅವರಿಗೆ ಗೊತ್ತಿರುವುದು 1980ರಲ್ಲಿ ಶುರುವಾದ ಗುಲ್ಬರ್ಗಾ ವಿಶ್ವವಿದ್ಯಾಲಯ ಒಂದೇ. ರಾಯಚೂರಿನದು ಬಂದದ್ದು 2009ರಲ್ಲಿ, ಅಷ್ಟರಲ್ಲಿ ಅವರೆಲ್ಲ ಊರು ಬಿಟ್ಟಾಗಿತ್ತು. ಊರಿನ ಹೆಸರು 2014ರಲ್ಲಿ ಕಲಬುರಗಿ ಆದದ್ದೂ ಕೆಲವರಿಗೆ ಇನ್ನೂ ತಲುಪಿಲ್ಲ. ಇನ್ನು ಓದಿದ ವಿಷಯದ ಬಗ್ಗೆ ಕೇಳಲೇಬೇಡಿ. "ಒಕ್ಕಲುತನಕ್ಕೂ ಡಿಗ್ರಿ ಬಂತಾ? ನಾಲ್ಕು ವರ್ಷ ಅದರಾಗ ಏನು ಓದ್ತಾರ?" ಅಂತ ನನ್ನ ತವರಿನವರೇ ಕೇಳಿದ್ದಾರೆ. ಅವಳು ಕೊನೆಯ ವರ್ಷ ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸ ಕಲಿಯಬೇಕಿತ್ತು, ಅದು ಆ ಕೋರ್ಸಿನದೇ ಭಾಗ. ಅದನ್ನು ಹೇಳಿದರೆ, "ಹೊಲಕ್ಕ ಕಳಸೋದಿದ್ದರ ನಮ್ಮ ಹೊಲ ಇರಲಿಲ್ಲೇನು?" ಅಂದರು.

ಸರಿ, ಒಂದು ರಾತ್ರಿ ಊಟ ಆದ ಮೇಲೆ ಕರಡು ಬರೆಯಲು ಎಲ್ಲರೂ ಕೂತೆವು.

ಮಾವನ ಕರಡು ಮೊದಲು ಬಂತು. ಮೇಲೆ "ಶ್ರೀ ಶರಣಬಸವೇಶ್ವರ ಪ್ರಸನ್ನ". ಕೆಳಗೆ "ಇತ್ತ ಕಡೆ ನಾವೆಲ್ಲ ಕ್ಷೇಮ, ತಮ್ಮ ಕ್ಷೇಮಕ್ಕೆ ಆಗಾಗ್ಗೆ ಪತ್ರ ಬರೆಯುತ್ತಿರಬೇಕು". ಆಮೇಲೆ ಮಳೆ. ಆಮೇಲೆ ತೊಗರಿ ಬಿತ್ತನೆ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರಕಾರಿ ಗುರುತು ಸಿಕ್ಕಿದೆ, ಧಾರಣೆ ಮಾತ್ರ ಸಿಕ್ಕಿಲ್ಲ ಅನ್ನುವ ಒಂದು ಪ್ಯಾರಾ. ಸಹಿ. ಸಹಿಯ ಕೆಳಗೆ, ಹಾಳೆ ಮುಗಿಯುವ ಜಾಗದಲ್ಲಿ: "ತಾ.ಕ.: ಮೊಮ್ಮಗಳು ಪದವಿ ಪಾಸಾಗಿದ್ದಾಳೆ." ಮೊದಲ ಸಾಲಿನಲ್ಲೇ ಪಾಸು ಅಂತ ಬರೆದರೆ ಜಂಬ ಆಗುತ್ತದಂತೆ. ಅವರ ಪ್ರಕಾರ ವಿನಯ ಯಾವಾಗಲೂ ತಾ.ಕ.ದಲ್ಲಿರುತ್ತದೆ.

ನನ್ನ ಗಂಡ ಸರಕಾರಿ ನೌಕರ. ಅವರ ಕರಡು ಹೀಗಿತ್ತು: "ವಿಷಯ: ನಮ್ಮ ಮಗಳು ಪದವಿ ಪೂರೈಸಿದ ಬಗ್ಗೆ. ಉಲ್ಲೇಖ: ಅಮೆರಿಕಾದಿಂದ ಬಂದ ಕಾರ್ಡು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, 8.4 ಗ್ರೇಡ್ ಪಾಯಿಂಟ್‌ನೊಂದಿಗೆ ಉತ್ತೀರ್ಣಳಾಗಿರುವ ಅಂಶವನ್ನು ತಮ್ಮ ಅವಗಾಹನೆಗೆ ತರಲಾಗಿದೆ." ತಮಾಷೆಗೆ ಬರೆದಿರಬೇಕು ಅಂದುಕೊಂಡೆ. ಅಲ್ಲ, ಮನಸ್ಸಿಟ್ಟು ಬರೆದಿದ್ದರು. ಸುಮ್ನೆ ಪ್ರತಿ ತೆಗೆದಿಟ್ಟುಕೊಂಡೆ.

ಮಗಳದ್ದು ಎರಡೇ ಪದ. "ಡಿಗ್ರಿ ಮುಗೀತು." ಪಕ್ಕದಲ್ಲಿ ಒಂದು ನಗುವ ಮುಖ. ಅತ್ತೆ ಓದಿಸಿಕೊಂಡು ಕೇಳಿದರು: "ಇದು ಪಾಸಾದ ಸುದ್ದಿನೋ, ಗ್ಯಾಸ್ ಸಿಲಿಂಡರ್ ಮುಗಿದ ಸುದ್ದಿನೋ?"

ನಾನು ಬರೆಯಲು ಕೂತಾಗ ಗೊತ್ತಾಯಿತು, ನಮ್ಮ ಕೈಗೆ ತಾನಾಗೇ ಬರುವುದು ಲಗ್ನಪತ್ರಿಕೆಯ ಮಾತೇ. "ನಮ್ಮ ಏಕಮಾತ್ರ ಸುಪುತ್ರಿ" ಅಂತ ಪೆನ್ನು ಓಡಿತು. ಗಂಡ ತಡೆದರು. "ಏಕಮಾತ್ರ ತೆಗಿ. ನಾಳೆ ಹೊಲ ಎಷ್ಟು ಎಕರೆ ಅಂತ ಫೋನ್ ಬರ್ತಾವ." ತೆಗೆದೆ. ಸುಪುತ್ರಿ ಅಂದಾಗ ಮಗಳು ಎದ್ದು ಹೋದಳು. ಅದನ್ನೂ ತೆಗೆದೆ. ಫೋಟೊ ಹಾಕೋಣ ಅಂದರೆ ಸೀರೆಯಲ್ಲಿರುವ ಫೋಟೊ ಒಂದೇ ಚೆನ್ನಾಗಿದೆ. ಸೀರೆ ಉಟ್ಟ ಹುಡುಗಿಯ ಫೋಟೊದ ಕೆಳಗೆ ಓದಿದ್ದು ಇಷ್ಟು ಅಂತ ಬರೆದು ನೆಂಟರಿಗೆ ಕಳಿಸಿದರೆ ಅದನ್ನು ಬಯೋಡೇಟಾ ಅನ್ನದೆ ಬೇರೆ ಏನನ್ನಬೇಕು? ಗೌನು ಹಾಕಿದ ಫೋಟೊ ಬೇಕೆಂದರೆ ಘಟಿಕೋತ್ಸವದ ತನಕ ಕಾಯಬೇಕು. ಅದು ಯಾವಾಗಲೋ, ಅದೂ ರಾಯಚೂರಿನಲ್ಲಿ. ಕೊನೆಗೆ ಫೋಟೊ ಬಿಟ್ಟೆವು.

ಉಡುಗೊರೆಯ ಸಾಲಿಗೆ ಬಂದಾಗ ರಾತ್ರಿ ಹನ್ನೊಂದಾಗಿತ್ತು. "ಆಶೀರ್ವಾದವೇ ಉಡುಗೊರೆ" ಅಂತ ಬರೆಯೋಣ ಅಂದರು ಮಾವ. ಆ ಮಾತು ಎಷ್ಟು ಪತ್ರಿಕೆಗಳಲ್ಲಿ ಅಚ್ಚಾಗಿದೆ ಅಂದರೆ, ಓದಿದ ಕೂಡಲೇ ಜನ ಲಕೋಟೆ ಹುಡುಕುತ್ತಾರೆ. ನಮ್ಮಲ್ಲಿ ಆಶೀರ್ವಾದ ಬರುವುದೇ ಒಂದು ರೂಪಾಯಿಯ ನಾಣ್ಯ ಅಂಟಿಸಿದ ಲಕೋಟೆಯಲ್ಲಿ. "ಉಡುಗೊರೆ ತರಬೇಡಿ" ಅಂದರೆ ನಗದು ತನ್ನಿ ಅಂತ ಅರ್ಥ. "ನಿಮ್ಮ ಆಶೀರ್ವಾದ ಸದಾ ಇರಲಿ" ಅಂದರೆ ಸದಾ ಕೊಡಬೇಕಾ ಅಂತ ಗಂಡನ ಪ್ರಶ್ನೆ. ಆಗ ನನಗೆ ಟೆಕ್ಸಾಸ್‌ನವಳು ಹೇಳಿದ್ದು ಸರಿ ಅನ್ನಿಸಿತು. ಆ ಸುದ್ದಿಯೇ ಬೇಡ ಅಂತ ಪೂರಾ ಹೊಡೆದು ಹಾಕಿದೆ.

ಇಷ್ಟು ಹೊತ್ತೂ ಅತ್ತೆ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದರು. ಓದಿ ಹೇಳಿದ ಮೇಲೆ ಒಂದೇ ಮಾತು ಕೇಳಿದರು. "ಬರ್ರಿ ಅಂತ ಎಲ್ಲಿ ಅದ?" ಇದು ತಿಳಿಸುವ ಕಾರ್ಡು, ಕರೆಯುವುದಲ್ಲ, ಅಮೆರಿಕಾ ಪದ್ಧತಿ ಅಂತ ಮಾವ ವಿವರಿಸಿದರು. ಅತ್ತೆ ಜಗ್ಗಲಿಲ್ಲ. "ಬರ್ರಿ ಅನ್ನಲಾರದ ಸುದ್ದಿ ಹೇಳಿದರ ಅದು ಸುದ್ದಿ ಹೇಳಿದ್ಹಂಗಲ್ಲ, ಹೊಟ್ಟಿ ಉರಿಸಿದ್ಹಂಗ."

ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಈ ಊರಲ್ಲಿ ಕರೆಂಟ್ ಮೀಟರ್ ನೋಡಲು ಬಂದವರಿಗೂ ಹೋಗುವಾಗ "ಬರ್ರಿ" ಅನ್ನುತ್ತೇವೆ. ಅನ್ನುವವರಿಗೂ ಗೊತ್ತು, ಅನ್ನಿಸಿಕೊಳ್ಳುವವರಿಗೂ ಗೊತ್ತು, ಅದು ಬರಿ ಬಾಯಿಮಾತು. ಹಾಗಂತ ಬಿಟ್ಟರೆ ಮಾತ್ರ ನಡೆಯುವುದಿಲ್ಲ. ಕೊನೆಗೆ ಹೀಗೆ ನಿಂತಿತು:

"ಶರಣು ಶರಣಾರ್ಥಿ. ನಮ್ಮ ಮಗಳು ಬಿ.ಎಸ್ಸಿ. ಕೃಷಿ ಪದವಿ ಮುಗಿಸಿದ್ದಾಳೆ. 8.4 ಬಂದಿದೆ. ಅವಳನ್ನು ಎತ್ತಿ ಆಡಿಸಿದವರು ನೀವು, ನಿಮಗೆ ಹೇಳದೆ ಇರಲು ಆಗಲಿಲ್ಲ. ಸದ್ಯ ಕಾರ್ಯಕ್ರಮ ಏನೂ ಇಟ್ಟುಕೊಂಡಿಲ್ಲ. ಈ ಕಡೆ ಬಂದಾಗ ಮನೆಗೆ ಅವಶ್ಯ ಬರ್ರಿ."

ನನ್ನನ್ನು ಕೇಳಿದರೆ ಈಗಲೂ ಇದು ಛಲೋ ಒಕ್ಕಣೆಯೇ. ವಿನಯ ಇದೆ, ವಿಷಯ ಇದೆ, ಕೈ ಚಾಚಿಲ್ಲ. ಆದರೆ ಒಕ್ಕಣೆ ಕೆಡುವುದು ಬರೆಯುವಾಗ ಅಲ್ಲ, ಕಳಿಸುವಾಗ.

ಮೊದಲನೆಯದು ಯಾರಿಗೆ ಮೊದಲು ಅನ್ನುವ ಪ್ರಶ್ನೆ. ಪುಣೆಯಲ್ಲಿರುವ ಸೋದರತ್ತೆಗೆ ಮೆಸೇಜ್ ಅಲ್ಲ, ಫೋನೇ ಮಾಡಬೇಕು, ಅದೂ ಎಲ್ಲರಿಗಿಂತ ಮುಂಚೆ. ನಾವು ಫೋನ್ ಹಚ್ಚುವಷ್ಟರಲ್ಲಿ ಮಗಳ ಗೆಳತಿ ಸ್ಟೇಟಸ್ ಹಾಕಿ, ಅದನ್ನು ಸೋದರತ್ತೆಯ ಸೊಸೆ ನೋಡಿಯಾಗಿತ್ತು. "ಮಂದಿ ಸ್ಟೇಟಸ್ ನೋಡಿ ನಾವು ತಿಳ್ಕೋಬೇಕೇನವಾ?" ಅಂತ ಶುರುವಾದ ಮಾತು ನನ್ನ ಲಗ್ನದಲ್ಲಿ ಅವರಿಗೆ ಕೊಟ್ಟ ಸೀರೆಯ ತನಕ ಹೋಗಿ ಬಂತು.

ಎರಡನೆಯದು ಲಿಪಿ. ಸೊಲ್ಲಾಪುರದ ಮಾಮಾ, ಅಂದರೆ ಅತ್ತೆಯ ತಮ್ಮ, ಮನೆಯಲ್ಲಿ ಮಾತಾಡುವುದು ಅಪ್ಪಟ ಕನ್ನಡ. ಶಾಲೆಯಲ್ಲಿ ಓದಿದ್ದು ಮರಾಠಿ. ಅವರಿಗೆ ಇದೇ ಒಕ್ಕಣೆಯನ್ನು ದೇವನಾಗರಿಯಲ್ಲಿ ಬರೆದು ಕಳಿಸಿದೆವು. ಹೈದರಾಬಾದಿನವರಿಗೆ ತೆಲುಗು ಅಕ್ಷರ ಬೇಕು, ಅದು ನಮ್ಮಲ್ಲಿ ಯಾರಿಗೂ ಬಾರದು. ಮಾವ ಅವರಿಗಾಗಿ ವಾಯ್ಸ್ ಮೆಸೇಜ್ ಮಾಡಿದರು. ಪಾಠ ಓದಿದ ಹಾಗೆ, ಅಲ್ಪವಿರಾಮಕ್ಕೆ ನಿಂತು, ಪೂರ್ಣವಿರಾಮಕ್ಕೆ ಇನ್ನಷ್ಟು ನಿಂತು ಓದಿದರು. ಕೊನೆಯಲ್ಲಿ "ಅವಶ್ಯ ಬರ್ರಿ. ಈಗ ಎಲ್ಲಿ ಒತ್ತಬೇಕು?" ಅನ್ನುವುದೂ ಹೋಯಿತು. ಅತ್ತೆಗೆ ಫೋನು ತಾನೇ ಟೈಪ್ ಮಾಡುತ್ತದೆ ಅಂತ ಯಾರೋ ಹೇಳಿಕೊಟ್ಟಿದ್ದರು. ತಮ್ಮ ಅಕ್ಕನಿಗೆ ಅವರು "ಹುಡುಗಿ ಪಾಸಾಗ್ಯಾಳ" ಅಂತ ಹೇಳಿದರೆ ಅದು "ಹುಡುಗಿ ಪಾಸಾಗಿ ಹಾಳ" ಅಂತ ಟೈಪ್ ಮಾಡಿತು. ಆ ಫೋನಿಗೆ ಬೆಂಗಳೂರು ಕನ್ನಡ ಮಾತ್ರ ಬರುತ್ತದೆ ಅಂತ ಕಾಣುತ್ತದೆ. ದೊಡ್ಡಮ್ಮ ಗಾಬರಿಯಾಗಿ ಫೋನ್ ಮಾಡಿ, ಏನಾಯಿತು, ಯಾರ ಜೊತೆ ಹೋದಳು ಅಂತ ಅತ್ತರು.

ಉತ್ತರಗಳು ಬರತೊಡಗಿದವು. ಸೇಡಂನ ದೊಡ್ಡಪ್ಪ ಹತ್ತಕ್ಕೆ ಬಂದ 8.4 ಅನ್ನುವುದನ್ನು ನೂರಕ್ಕೆ ಅಂತ ತಿಳಿದರು. "ಹೋಗ್ಲಿ ಬಿಡ್ರಿ, ಪಾಸ್ ಮಾಡ್ಯಾರಲ್ಲ, ಪುಣ್ಯಾತ್ಮರು. ಹುಡುಗಿಗಿ ಏನೂ ಅನಬ್ಯಾಡ್ರಿ," ಅಂತ ಸಮಾಧಾನ ಹೇಳಿದರು. ಬೀದರಿನಿಂದ ಒಬ್ಬರು ಶುಭಾಶಯವನ್ನೇ ಹೇಳದೆ ನೇರವಾಗಿ "ಎತ್ತರ ಎಷ್ಟು?" ಅಂತ ಕೇಳಿದರು. ಫೋಟೊ ಹಾಕದೆ ಇದ್ದದ್ದೇ ಅನುಮಾನಕ್ಕೆ ಕಾರಣವಾಗಿತ್ತು, ಫೋಟೊ ಯಾಕೆ ಮುಚ್ಚಿಟ್ಟಿದ್ದೀರಿ ಅಂತಲೂ ಕೇಳಿದರು. "ಸದ್ಯ ಕಾರ್ಯಕ್ರಮ ಇಲ್ಲ" ಅನ್ನುವುದರಲ್ಲಿ ಎಲ್ಲರಿಗೂ ಕಂಡದ್ದು "ಸದ್ಯ" ಒಂದೇ. ಹಾಗಾದರೆ ಯಾವಾಗ, ದೀಪಾವಳಿ ಆದ ಮೇಲಾ ಅಂತ ವಿಚಾರಿಸಿದರು. ಅಷ್ಟರಲ್ಲಿ ನನ್ನ ಫೋನಿಗೆ ಟಣ್ ಅಂತ 101 ರೂಪಾಯಿ ಬಂತು. ಹೈದರಾಬಾದಿನಿಂದ. ಅದನ್ನು ಅವರೇ ಫ್ಯಾಮಿಲಿ ಗ್ರೂಪಿನಲ್ಲಿ ಹೇಳಿಕೊಂಡರು. ಸಂಜೆಗೆ ಪುಣೆಯಿಂದ 501. ಅದಾದ ಮೇಲೆ 500ಕ್ಕಿಂತ ಕಡಿಮೆ ಯಾರೂ ಕಳಿಸಲಿಲ್ಲ. ಅತ್ತೆ ಆಯಾರದ ಪುಸ್ತಕ ತೆಗೆದು ಒಂದೊಂದಾಗಿ ಬರೆಸತೊಡಗಿದರು. ಅದು ಅವರ ಲಗ್ನದಿಂದ ಬಂದ ಪುಸ್ತಕ, ರಟ್ಟು ಕಿತ್ತು ದಾರದಿಂದ ಹೊಲಿದದ್ದು. ಬಂದದ್ದನ್ನೆಲ್ಲ ಒಂದಲ್ಲ ಒಂದು ದಿನ ತಿರುಗಿ ಕೊಡಬೇಕಲ್ಲ. ಉಡುಗೊರೆ ಇಲ್ಲದ ಕಾರ್ಡು ಅಂತ ಹೊರಟವರು ಹೊಸ ಸಾಲದ ಪುಟ ತೆರೆದು ಕೂತಿದ್ದೆವು.

ಸೊಲ್ಲಾಪುರದ ಮಾಮಾ ಮಾತ್ರ ಉತ್ತರವನ್ನೇ ಕೊಡಲಿಲ್ಲ. ಅವರು ಬಂದೇ ಬಿಟ್ಟರು.

ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಇಳಿದು, ಆಟೊ ಮಾಡಿಕೊಂಡು, ಮಾಮಿಯ ಜೊತೆ ಬಾಗಿಲಲ್ಲಿ ನಿಂತಿದ್ದರು. "ಅವಶ್ಯ ಬರ್ರಿ ಅಂತ ಬರದೀರಿ, ಬರದೆ ಇರೋದು ಛಲೋ ಅಲ್ಲ. ಶ್ರಾವಣ ಸೋಮವಾರ, ಶರಣಬಸಪ್ಪನ ಗುಡಿಗೂ ಹೋದ್ಹಂಗ ಆಯ್ತು," ಅಂದರು. ಅತ್ತೆಯ ಮುಖ ನೋಡಬೇಕಿತ್ತು. ನಮ್ಮೆಲ್ಲರ ಕಡೆ ಒಂದು ಸಲ ಕಣ್ಣಾಡಿಸಿ ಕಡಲೆಬೇಳೆ ನೆನೆಹಾಕಲು ಒಳಗೆ ಹೋದರು. ಹೋಳಿಗೆ ಇಲ್ಲದೆ ತಮ್ಮನನ್ನು ಕಳಿಸುವುದುಂಟೇ?

ಮಾಮಾ ಚೀಲ ಬಿಚ್ಚಿದರು. ಸೊಲ್ಲಾಪುರದ ಚಾದರ, ಶೇಂಗಾ ಚಟ್ನಿ ಹೊರಬಂದವು. ಆಮೇಲೆ ತಳದಿಂದ ಒಂದು ಪ್ಲಾಸ್ಟಿಕ್ ಕವರನ್ನು ಹುಷಾರಾಗಿ ತೆಗೆದು ಚಾದರದ ಮೇಲೇ ಸುರಿದರು. ದಾಳಿಂಬೆ ಎಲೆಗಳು, ಒಂದು ಸಣ್ಣ ಟೊಂಗೆ, ಎರಡು ಕಾಯಿ. ಎಲೆಯ ತುಂಬ ಎಣ್ಣೆ ಸಿಡಿದಂಥ ಕಪ್ಪು ಚುಕ್ಕೆ. ಕಾಯಿಯ ಮೇಲೂ ಅದೇ ಚುಕ್ಕೆ, ಅದರ ನಡುವಿನಿಂದ ಇಂಗ್ಲಿಷಿನ ವೈ ಅಕ್ಷರದ ಹಾಗೆ ಸೀಳು. "ನಮ್ಮ ಕಡೆ ತೇಲ್ಯಾ ಅಂತಾರ. ತೋಟ ಪೂರಾ ಹಿಡದದ. ನೋಡವಾ, ನೀನು ಓದೀಯಲ್ಲ," ಅಂದರು.

ಮಗಳು ಹಾಸಿಗೆ ಹಾಸುತ್ತಿದ್ದವಳು ಅಲ್ಲೇ ಕೂತಳು. ಎಲೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು. ಇದು ದುಂಡಾಣು ಅಂಗಮಾರಿ, ಬ್ಯಾಕ್ಟೀರಿಯಾದಿಂದ ಬರುತ್ತದೆ, ಮಳೆಗಾಲದಲ್ಲಿ ಜಾಸ್ತಿ. ರೋಗ ಬಂದ ಟೊಂಗೆ, ಕಾಯಿ ಎಲ್ಲ ಕತ್ತರಿಸಿ ಸುಡಬೇಕು, ಗಿಡದ ಬುಡದಲ್ಲಿ ಬಿಡಬಾರದು. ಕತ್ತರಿಯನ್ನೂ ಪ್ರತಿ ಗಿಡಕ್ಕೆ ತೊಳೆಯಬೇಕು. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯಬೇಕು. ಮಳೆಗಾಲದ ಫಸಲು ಬಿಟ್ಟು ಹಸ್ತ ಬಹಾರ, ಅಂದರೆ ಮಳೆ ಕಡಿಮೆಯಾದ ಮೇಲೆ ಹೂ ಬಿಡಿಸುವ ಫಸಲು ಹಿಡಿದರೆ ರೋಗ ಕಡಿಮೆ. ಮಾಮಾ ಬಾಯಿ ತೆರೆದು ಕೇಳಿದರು. ನಾನೂ ಕೇಳಿದೆ. ನಾಲ್ಕು ವರ್ಷದಲ್ಲಿ ಇವಳು ಇಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಕೊನೆಗೆ ಅವಳು ಮೆತ್ತಗೆ ಹೇಳಿದಳು. "ಮಾಮಾ, ದೇಶದ ದಾಳಿಂಬೆ ಸಂಶೋಧನಾ ಕೇಂದ್ರ ಇರೋದೇ ಸೊಲ್ಲಾಪುರದಾಗ. ನಿಮ್ಮ ಊರಾಗೇ ಅದರಿ."

"ಗೊತ್ತದವಾ. ಅಲ್ಲಿ ಸೈಂಟಿಸ್ಟ್ ಇರ್ತಾರ. ನಮಗ ಮನಿ ಡಾಕ್ಟರ್ ಬೇಕಾಗಿತ್ತು."

ಮಾಮಾ ಊರಿಗೆ ಹೋಗಿ ಇದನ್ನು ಗ್ರೂಪಿನಲ್ಲಿ ಹಾಕಿದರು, ದೇವನಾಗರಿಯಲ್ಲಿ. ಅವತ್ತಿನಿಂದ ಅಭಿನಂದನೆಗಳ ರೂಪವೇ ಬದಲಾಯಿತು. 8.4ಕ್ಕೆ ಕನಿಕರಪಟ್ಟಿದ್ದ ಸೇಡಂನ ದೊಡ್ಡಪ್ಪ ಒಣಗಿದ ತೊಗರಿ ಗಿಡದ ಫೋಟೊ ಕಳಿಸಿದರು. ಕಾಂಡ ಸೀಳಿ ಒಳಗೆ ಕಪ್ಪು ಗೆರೆ ಇದೆಯಾ ನೋಡ್ರಿ ಅಂದಳು ಇವಳು. ಇತ್ತು. ನೆಟೆ ರೋಗ, ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುತ್ತದೆ, ಬರುವ ವರ್ಷ ಬೀಜಕ್ಕೆ ಟ್ರೈಕೋಡರ್ಮಾ ಅನ್ನುವ ಒಳ್ಳೆಯ ಶಿಲೀಂಧ್ರ ಹಚ್ಚಿ, ನೆಟೆ ತಡೆಯುವ ಟಿಎಸ್-3ಆರ್ ತಳಿ ಹಾಕ್ರಿ, ಅದೇ ಹೊಲಕ್ಕೆ ಮತ್ತೆ ಮತ್ತೆ ತೊಗರಿ ಬೇಡ ಅಂತ ಬರೆದಳು. ಎತ್ತರ ಕೇಳಿದ್ದ ಬೀದರಿನವರು ಈಗ ತಮ್ಮ ಹೆಸರು ಬೆಳೆಯ ಹಳದಿ ಎಲೆ ಕಳಿಸುತ್ತಿದ್ದಾರೆ. ಎತ್ತರದ ಮಾತು ಮತ್ತೆ ಬಂದಿಲ್ಲ. ಹುಡುಗಿ ಲಗ್ನ ಆಗಿ ದೂರ ಹೋದರೆ ಬೆಳೆ ನೋಡುವವರು ಯಾರು ಅಂತ ಅವರಿಗೂ ಅನ್ನಿಸಿರಬೇಕು.

ಟೆಕ್ಸಾಸ್‌ನಿಂದ ಕಾರ್ಡು ಬಂದದ್ದು ಎಲ್ಲರಿಗಿಂತ ತಡವಾಗಿ. ಇಷ್ಟು ಜನರಲ್ಲಿ ನಿಯಮದ ಪ್ರಕಾರ ನಡೆದುಕೊಂಡವಳು ಅವಳೊಬ್ಬಳೇ. ಅಂಚೆಯಲ್ಲಿ, ಕೈಬರಹದಲ್ಲಿ, ಎರಡೇ ಸಾಲು: ತುಂಬ ಸಂತೋಷವಾಯಿತು, ಮುಂದೆಯೂ ಚೆನ್ನಾಗಿ ಓದು. ಹಣ ಇಲ್ಲ, ಪ್ರಶ್ನೆ ಇಲ್ಲ, ಬರುತ್ತೇನೆ ಅಂತಲೂ ಇಲ್ಲ. ಮಾವ ಅದನ್ನು ಎಲ್ಲರಿಗೂ ಓದಿ ಹೇಳಿ, "ನೋಡ್ರಿ, ಇದಕ್ಕ ಸಭ್ಯತೆ ಅಂತಾರ," ಅಂದು ಷೋಕೇಸಿನಲ್ಲಿ ಇಟ್ಟರು.

ಅವತ್ತೇ ರಾತ್ರಿ ಊಟಕ್ಕೆ ಕೂತಿದ್ದಾಗ ಮಗಳ ಫೋನ್ ಮಿಣುಕಿತು. ಟೆಕ್ಸಾಸ್‌ನಿಂದ ಫೋಟೊ. ಕಿಟಕಿಯ ಪಕ್ಕ ಒಂದು ಕುಂಡ, ಅದರಲ್ಲಿ ಮೊಣಕಾಲೆತ್ತರದ ಕರಿಬೇವು, ಅರ್ಧ ಎಲೆ ಹಳದಿ. ಕೆಳಗೆ, "ಇಲ್ಲಿ ಇದನ್ನ ಮಕ್ಕಳಿಗಿಂತ ಜಾಸ್ತಿ ಜ್ವಾಪಾನ ಮಾಡೀನಿ, ದಿನಾ ನೀರು ಹಾಕ್ತೀನಿ. ಯಾಕ ಹಿಂಗಾಯ್ತು?"

ಮಗಳು ಬಲಗೈಯಲ್ಲಿ ರೊಟ್ಟಿ ಮುರಿಯುತ್ತಲೇ ಎಡಗೈಯಲ್ಲಿ ಟೈಪ್ ಮಾಡಿದಳು. "ದಿನಾ ಹಾಕೋದೇ ತೊಂದರಿ ಅತ್ತಿ. ಮಣ್ಣು ಒಣಗಿದ ಮ್ಯಾಲ ಹಾಕ್ರಿ. ಕುಂಡದ ಕೆಳಗ ತೂತು ಅದನೋ ಇಲ್ಲೋ, ಅದರ ಫೋಟೊನೂ ಕಳಸ್ರಿ."